ಎರಡು ಸಲ ವಾಪಸ್ ಬಂದ ಕರಿಯನಿಗೆ ಮನೆ ಸಿಗುತ್ತಾ?

ಪ್ರಶ್ನೆ: ಮೇಡಂ, ಮೈಸೂರಲ್ಲಿ ಒಂದು ಶೆಲ್ಟರ್‌ಗೆ ಭಾನುವಾರ ಹೋಗಿ ಕೈಲಾದ ಕೆಲಸ ಮಾಡ್ತೀನಿ. ಅಲ್ಲಿ ಕರಿಯ ಅಂತ 4 ವರ್ಷದ ಮುಧೋಳ ಮಿಕ್ಸ್ ನಾಯಿ ಇದಾನೆ. ತಟ್ಟೆ ಹತ್ರ ಹೋದ್ರೆ ಗುರ್ ಅಂತಾನೆ, ಒಂದ್ಸಲ ಕೈಗೆ ಹಲ್ಲು ತಾಗಿಸಿದಾನೆ. ಎರಡು ಮನೆಯವ್ರು ವಾಪಸ್ ತಂದುಬಿಟ್ರು. ಇದನ್ನೆಲ್ಲ ಹೇಳಿದ್ರೆ ಯಾರೂ ತಗೊಳಲ್ಲ, ಮುಚ್ಚಿಡ್ಲಾ?

ಉತ್ತರ: ಅಯ್ಯೋ, ಮುಚ್ಚಿಡ್ಬೇಡಿ ಮಾರಾಯ್ರೆ! "ಪಾಪದ ನಾಯಿ, ಪ್ರೀತಿ ಕೊಡಿ ಸಾಕು" ಅಂತ ಫೋಟೋ ಹಾಕಿದ್ರೆ ಲೈಕ್ ಬರುತ್ತೆ, ಆದ್ರೆ ಮನೆಗೆ ಕರ್ಕೊಂಡು ಹೋಗೋರು ಮೊದಲ ಸಲ ನಾಯಿ ಸಾಕೋರೇ ಆಗಿರ್ತಾರೆ, ಮೂರನೇ ದಿನ ಮಗು ತಟ್ಟೆಗೆ ಕೈ ಹಾಕುತ್ತೆ, ಕರಿಯ ಮತ್ತೆ ನಿಮ್ಮ ಗೇಟ್ ಹತ್ರ. ಅದರ ಬದಲು ನೇರವಾಗಿ ಬರೀರಿ: ತಿನ್ನುವಾಗ ದೂರ ಇರ್ಬೇಕು, ಚಿಕ್ಕ ಮಕ್ಕಳಿರೋ ಮನೆ ಬೇಡ, ಎತ್ತರದ ಕಾಂಪೌಂಡ್ ಬೇಕು. ಮುಧೋಳ ಬೇಟೆ ನಾಯಿ ಅಲ್ವಾ, ಬೆಕ್ಕು ಕಂಡ್ರೆ ಓಡೇ ಓಡುತ್ತೆ.

ಗುರ್ ಅಂದಿದ್ದಕ್ಕೆ ಬೈಯೋರನ್ನ ಕಂಡ್ರೆ ನಂಗೆ ಸಿಟ್ಟು. ಅದು ಎಚ್ಚರಿಕೆ ಕಣ್ರೀ, ಅದನ್ನ ನಿಲ್ಲಿಸಿದ್ರೆ ಮುಂದಿನ ಸಲ ಸೀದಾ ಕಚ್ಚೋದೇ. ದೂರದಿಂದ ಬೇಯಿಸಿದ ಕೋಳಿ ಚೂರು ತಟ್ಟೆಗೆ ಎಸೆದು ಸುಮ್ನೆ ವಾಪಸ್ ನಡೀರಿ, ಮನುಷ್ಯ ಬಂದ್ರೆ ಊಟ ಹೋಗಲ್ಲ, ಜಾಸ್ತಿ ಆಗುತ್ತೆ ಅಂತ ನಿಧಾನಕ್ಕೆ ತಲೆಗೆ ಹೋಗುತ್ತೆ. ಟ್ರೈನರ್‌ಗೂ ಒಮ್ಮೆ ತೋರಿಸಿ.

ಬರೋರನ್ನ "ಹಿಂದೆ ಸಾಕಿದ ನಾಯಿ ಗುರ್ ಅಂದಾಗ ಏನ್ ಮಾಡ್ತಿದ್ರಿ?" ಅಂತ ಕೇಳಿ. "ಎರಡೇಟು ಹಾಕ್ತಿದ್ದೆ" ಅಂದ್ರೆ ಕಾಫಿ ಕೊಟ್ಟು ಕಳಿಸಿ. ಒಪ್ಪಿಗೆಯಾದವ್ರು ನಾಲ್ಕೈದು ಸಲ ಬಂದು ವಾಕಿಂಗ್ ಮಾಡಿಸ್ಲಿ, ಆಮೇಲೆ ಎರಡು ವಾರ ಟ್ರಯಲ್. ರೇಬಿಸ್ ಲಸಿಕೆ ಕಾರ್ಡ್ ಕೈಗೇ ಕೊಡಿ.