ನಮ್ಮ ಕಿರಿದಾದ ಬೀದಿಯ ಕೊನೆಗೆ ಹೊಸ ಬಡಾವಣೆ ಬರುತ್ತಿದೆ. ಆಕ್ಷೇಪಣೆ ಸಲ್ಲಿಸಲು ಇನ್ನೂ 9 ದಿನ ಇದೆ. ಸಹಿ ಸಂಗ್ರಹಿಸಿ ನಿಲ್ಲಿಸಬಹುದೇ?

ನಾವೂ ಸಹಿ ಹಾಕಿಸಿದ್ದೆವು. 212 ಸಹಿ. ಕಡತದಲ್ಲಿ ಅಷ್ಟೂ ಸೇರಿ ಒಂದೇ ಸಾಲಾಯಿತು: ‘ಸ್ಥಳೀಯರ ವಿರೋಧವಿದೆ.’

ನಮ್ಮದು ಮುಂದೆ ದಾರಿಯಿಲ್ಲದ ಬೀದಿ. ಕೊನೆಯ ಖಾಲಿ ಜಾಗದಲ್ಲಿ 64 ಮನೆ ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ. ಅಷ್ಟೂ ಮನೆಯವರು ಓಡಾಡಬೇಕಾದದ್ದು ನಮ್ಮ ಬೀದಿಯಲ್ಲೇ. ನಕ್ಷೆಯಲ್ಲಿ ಅಗಲ 5.5 ಮೀಟರ್. ಸುಳ್ಳೇನಲ್ಲ. ಆದರೆ ಸಂಜೆಯಾದರೆ ಎರಡೂ ಬದಿ ಕಾರು ನಿಲ್ಲುತ್ತವೆ. ಒಂದು ಕಾರು ಸುಮಾರು 1.8 ಮೀಟರ್ ನುಂಗುತ್ತದೆ. ಎರಡು ಕಳೆದರೆ ಉಳಿಯುವುದು 1.9. ಅಗ್ನಿಶಾಮಕ ವಾಹನದ ಮೈಯೇ ಸುಮಾರು 2.5 ಮೀಟರ್, ಪಕ್ಕದ ಕನ್ನಡಿಗಳು ಬೇರೆ. ಮೂರನೇ ಕ್ಲಾಸಿನ ಲೆಕ್ಕ ಇದು. ಬಿಲ್ಡರ್ ಕೊಟ್ಟಿದ್ದ ದಪ್ಪ ಸಂಚಾರ ವರದಿಯಲ್ಲಿ ಮಾತ್ರ ಇರಲಿಲ್ಲ. ಆ ವರದಿಗೆ ವಾಹನ ಎಣಿಸಿದ್ದೂ ಶಾಲೆಗೆ ರಜೆ ಇದ್ದ ವಾರದಲ್ಲಿ.

ನಾನು ಟೇಪು ಹಿಡಿದು ಎರಡು ವಾರ ರಾತ್ರಿ ಅಳೆದೆ. ಕಸದ ಲಾರಿ ತಿರುಗಲು ಜಾಗವಿಲ್ಲದೆ ಬೀದಿಯುದ್ದಕ್ಕೂ ರಿವರ್ಸ್ ಬರುತ್ತಿತ್ತು. ಅದರ ಹಿಂದೆ ಸೈಕಲ್ ಹಿಡಿದ ಹುಡುಗಿಯೊಬ್ಬಳು ಗೇಟಿಗೆ ಅಂಟಿಕೊಂಡು ನಿಂತಿದ್ದಳು. ಅದನ್ನೂ ಫೋಟೊ ತೆಗೆದೆ.

ಇನ್ನು ನನ್ನ ಪೆದ್ದತನ ಕೇಳಿ. ಈ ಅಳತೆ, ಫೋಟೊ ಯಾವುದನ್ನೂ ಆಕ್ಷೇಪಣೆ ಪತ್ರದ ಜೊತೆ ಕೊಡಲಿಲ್ಲ. ಪತ್ರದಲ್ಲಿ ಬರೆದದ್ದು ‘ವಾಹನ ಜಾಸ್ತಿಯಾಗುತ್ತದೆ, ಅಪಾಯ’ ಅಂತ, ಅಷ್ಟೇ. ವಿಚಾರಣೆಯ ದಿನ ಎಲ್ಲರೆದುರು ಹೊರತೆಗೆಯೋಣ, ಬಿಲ್ಡರ್ ಕಡೆಯ ವಕೀಲ ತಬ್ಬಿಬ್ಬಾಗಲಿ ಅಂತ ಬಚ್ಚಿಟ್ಟುಕೊಂಡಿದ್ದೆ. ಸಿನಿಮಾದ ಕೋರ್ಟ್ ಸೀನ್ ನೋಡಿ ಕೆಟ್ಟವನು ನಾನು. ನನಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ವಿಚಾರಣೆಗೆ ಮುಂಚೆಯೇ ಅಧಿಕಾರಿ ಕಡತ ನೋಡಿ ಶಿಫಾರಸು ಬರೆದಾಗಿತ್ತು. ಅನುಮತಿ ತೀರ್ಮಾನಿಸುವ ಸಮಿತಿಯವರು ಅದನ್ನು ಓದಿಕೊಂಡೇ ಬಂದಿದ್ದರು. ನನಗೆ ಸಿಕ್ಕಿದ್ದು 3 ನಿಮಿಷ. ಫೋಟೊ ಮೂರನೆಯವರ ಕೈಗೆ ಹೋಗುವಷ್ಟರಲ್ಲಿ ಸಮಯ ಮುಗಿಯಿತು. ಒಬ್ಬರು ಕೇಳಿದರು, ‘ಇದು ಕಡತದಲ್ಲಿದೆಯಾ?’ ಇರಲಿಲ್ಲ. ಮೇಲ್ಮನವಿಗೆ ಹೋದೆವು. ಅಲ್ಲೂ ಅದೇ ಪ್ರಶ್ನೆ, ಹೊಸ ಸಾಕ್ಷಿ ತೆಗೆದುಕೊಳ್ಳುವುದಿಲ್ಲ ಅಂದರು. ಆಕ್ಷೇಪಣೆಗೆ 21 ದಿನ ಕೊಟ್ಟಿದ್ದರು. 14ನೇ ದಿನಕ್ಕೇ ಎಲ್ಲವೂ ನನ್ನ ಮೇಜಿನ ಮೇಲಿತ್ತು! ಒಂದು ಲಕೋಟೆಗೆ ಹಾಕಿ, ಕಚೇರಿಯಲ್ಲಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದಿದ್ದರೆ ಅಧಿಕಾರಿ ಅದಕ್ಕೆ ಏನಾದರೂ ಉತ್ತರ ಬರೆಯಬೇಕಿತ್ತು. ಒಪ್ಪದಿದ್ದರೂ ಯಾಕೆ ಒಪ್ಪುವುದಿಲ್ಲ ಅಂತ ಬರೆಯಬೇಕಿತ್ತು. ಆ ಉತ್ತರವನ್ನು ಹಿಡಿದು ಮೇಲ್ಮನವಿಯಲ್ಲಿ ಜಗ್ಗಬಹುದಿತ್ತು. ನಾನು ಹಿಡಿಯಲು ಏನನ್ನೂ ಉಳಿಸಲಿಲ್ಲ.

ಇನ್ನೊಂದು ಮಾತು. ‘ಹೇಗೆ ನಿಲ್ಲಿಸುವುದು’ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಆ ಜಾಗ ಮನೆಗಳಿಗೆಂದೇ ಗುರುತಾಗಿದ್ದರೆ ಇವತ್ತಲ್ಲ ನಾಳೆ ಮನೆ ಬಂದೇ ಬರುತ್ತದೆ. ಬರುವವರಿಗೂ ಬೆಂಕಿ ಬಿದ್ದರೆ ನೀರಿನ ವಾಹನ ಬೇಕು, ಅಲ್ವಾ? ಎರಡನೇ ದಾರಿ ಕೇಳಿ. ತುದಿಯಲ್ಲಿ ಲಾರಿ ತಿರುಗಲು ಜಾಗ ಕೇಳಿ. ನಡೆಯುವವರಿಗೆ ಬೇರೆ ದಾರಿ ಕೇಳಿ. ಮೊದಲ ಮನೆಗೆ ಜನ ಬರುವ ಮುಂಚೆ ಇದೆಲ್ಲ ಮುಗಿಯಬೇಕು ಅನ್ನುವ ಷರತ್ತನ್ನು ಮಾತ್ರ ಬಿಡಲೇಬೇಡಿ. ನಮಗೆ ‘ಮುಂದಿನ ಹಂತದಲ್ಲಿ’ ಅಂದರು. 64 ಮನೆಗಳಲ್ಲೂ ಜನ ಇದ್ದಾರೆ, ಮುಂದಿನ ಹಂತ ಇನ್ನೂ ಬಂದಿಲ್ಲ.

ಧೂಳು, ನೋಟ, ಮನೆ ಬೆಲೆ ಬಗ್ಗೆ ಸುಮ್ನೆ ಬರೆಯಬೇಡಿ. ಆ ಒಂದು ಸಾಲು ಸಿಕ್ಕರೆ ನಿಮ್ಮನ್ನು ಗೊಣಗುವವರ ಪಟ್ಟಿಗೆ ಸೇರಿಸುತ್ತಾರೆ. ಬದಲಿಗೆ ಬೀದಿ ಮುಖ್ಯರಸ್ತೆಗೆ ಸೇರುವ ಮೂಲೆಯಲ್ಲಿ ನಿಂತು, ಬರುವ ಕಾರು ಎಷ್ಟು ದೂರದಿಂದ ಕಾಣುತ್ತದೆ ಅಂತ ಅಳೆಯಿರಿ. ಗಂಟೆಗೆ 50 ಕಿ.ಮೀ. ವೇಗದ ಕಾರು, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ, ಒಣ ರಸ್ತೆಯಲ್ಲೂ ಸುಮಾರು 35 ಮೀಟರ್ ಬಂದಿರುತ್ತದೆ. ನಮ್ಮ ಮೂಲೆಯಲ್ಲಿ ಕಾಣುತ್ತಿದ್ದದ್ದು 20. ಅಗ್ನಿಶಾಮಕ ದಳಕ್ಕೂ ಒಂದು ಪತ್ರ ಬರೆದು, ಅವರ ಉತ್ತರವನ್ನು ಲಕೋಟೆಗೆ ಸೇರಿಸಿ.

ಕೊನೆಯ ದಿನಕ್ಕೆ ಇನ್ನೂ 9 ದಿನ ಇದೆ ಅಂದಿದ್ದೀರಿ. ಇವತ್ತು ರಾತ್ರಿಯೇ ಟೇಪು ಹಿಡಿದು ಹೊರಡಿ, ಕಾರುಗಳೆಲ್ಲ ಬಂದು ನಿಂತ ಮೇಲೆ.