ಅಡವಿಟ್ಟ ಪಾಟಲಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರೊಬ್ಬರು, ವಯಸ್ಸು 36, ಮದುವೆಯಾಗಿ 11 ವರ್ಷ. ಕೂಡುವ ಹೊತ್ತಿಗೆ ನಿಮಿರುವಿಕೆ ನಿಲ್ಲುತ್ತಿಲ್ಲವೆಂಬ 7 ತಿಂಗಳ ದೂರನ್ನು ಹೊತ್ತು ಬಂದಿದ್ದರು. ಗೆಳೆಯರ ಮಾತು ಕೇಳಿ, ವೈದ್ಯರ ಚೀಟಿಯಿಲ್ಲದೆ, ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ನುಂಗಿದ್ದರು. ಮೊದಲ ಸಲ ಗುಣ ಕಂಡಿತ್ತು, ಆಮೇಲೆ ಅದೂ ಕೈಕೊಟ್ಟಿತ್ತು. "ಶುಗರ್ ಇಲ್ಲ, ಬಿಪಿ ಇಲ್ಲ, ಮತ್ಯಾಕ್ರೀ ಹಿಂಗ?" ಎಂದರು. ಪರೀಕ್ಷೆಯನ್ನೇ ಮಾಡಿಸದೆ ಆಡಿದ ಮಾತದು.

ಹೀಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದಾದುದರಿಂದ, ಹೃದ್ರೋಗದ ಮುನ್ಸೂಚನೆ ಕೆಲವೊಮ್ಮೆ ಇಲ್ಲಿಯೇ ಮೊದಲು ಕಾಣುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಮನಸ್ಸಿನ ಮಾತಿಗಿಳಿಯುವುದನ್ನು ನಾನು ಒಪ್ಪುವುದಿಲ್ಲ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್, ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಎಲ್ಲವೂ ಸರಿಯಿದ್ದವು. ಬೆಳಗಿನ ಜಾವದ ನಿಮಿರುವಿಕೆ ಮೊದಲಿನಂತೆಯೇ ಇತ್ತು. ಅಂದರೆ ದೇಹಕ್ಕೆ ಶಕ್ತಿಯಿತ್ತು, ಹೆಂಡತಿಯ ಪಕ್ಕದಲ್ಲಿ ಮಾತ್ರ ಅದು ಹಿಂದೆಗೆಯುತ್ತಿತ್ತು.

ಎರಡನೆಯ ಭೇಟಿಗೆ ಪತ್ನಿಯೂ ಬಂದರು. ಮಾತು ಕಡಿಮೆ. ಕೂತಷ್ಟು ಹೊತ್ತೂ ಬಲಗೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಅಲ್ಲಿ ಏನಿತ್ತೆಂದು ಕೇಳಿದೆ. ತವರಿನ ಪಾಟಲಿ, ಅಂದರೆ ಚಿನ್ನದ ಬಳೆಗಳು. ಕೊಳವೆಬಾವಿ ಬತ್ತಿದ ವರ್ಷ ಗಂಡ ಅವನ್ನು ಹೇಳದೆ ಅಡವಿಟ್ಟಿದ್ದರು. ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೊರಟಾಗ ಟ್ರಂಕು ತೆರೆದು ನೋಡಿ ಆಕೆಗೆ ತಿಳಿದಿತ್ತು. ಜಗಳವಾಗಲಿಲ್ಲ. ಮಾತು ನಿಂತಿತು. ತೊಂದರೆ ಶುರುವಾದದ್ದೂ ಅದೇ ತಿಂಗಳು.

ಆಕೆಯ ಮೌನವನ್ನು ಪತಿ "ನೀನೆಂಥ ಗಂಡಸು" ಎಂಬ ತೀರ್ಪೆಂದು ಓದಿಕೊಂಡರು; ಪತಿ ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ಆಕೆ ಬೇರೆ ಹೆಣ್ಣಿನ ಸುಳಿವೆಂದು ತಿಳಿದರು. ನಿಮಿರುವಿಕೆಗೆ ರಕ್ತನಾಳಗಳು ಸಡಿಲಗೊಳ್ಳಬೇಕು, ಅಂಜಿಕೆಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಅವುಗಳನ್ನು ಬಿಗಿಯುತ್ತದೆ. ಒಮ್ಮೆ ಸೋತವನು ಮರುಸಲ ತನ್ನನ್ನೇ ಕಾವಲು ಕಾಯತೊಡಗಿದರೆ ಆ ಕಾವಲೇ ಸೋಲನ್ನು ಕರೆತರುತ್ತದೆ. ಮಾತ್ರೆಯಾದರೂ ಉದ್ರೇಕವಿದ್ದಾಗ ನೆರವಾಗುತ್ತದೆಯೇ ಹೊರತು ಉದ್ರೇಕವನ್ನು ತಾನೇ ಹುಟ್ಟಿಸುವುದಿಲ್ಲ. ನೈಟ್ರೇಟ್ ಸೇರಿದ ಹೃದಯದ ಔಷಧಿಯ ಜೊತೆ ತೆಗೆದುಕೊಂಡರೆ ರಕ್ತದೊತ್ತಡ ಅಪಾಯಕರವಾಗಿ ಇಳಿಯುತ್ತದೆ ಎಂಬುದನ್ನೂ ಅವರಿಗೆ ಹೇಳಿದೆ.

ಕೆಲವು ವಾರ ಸಂಭೋಗದ ಪ್ರಯತ್ನವೇ ಬೇಡ ಎಂದೆ. ಇಬ್ಬರ ಮುಖದಲ್ಲೂ ನಿರಾಳ ಕಂಡಿತು. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಸ್ಪರ್ಶದ ಅಭ್ಯಾಸವನ್ನು ಕೊಟ್ಟೆ: ಮೊದಲು ಕೈ, ಬೆನ್ನು, ತಲೆ; ಗುರಿ ಯಾವುದೂ ಇಲ್ಲ, ಇಬ್ಬರಲ್ಲಿ ಯಾರಿಗೆ ಬೇಡವೆನಿಸಿದರೂ ನಿಲ್ಲಿಸುವುದು. ಅದಕ್ಕೂ ಮುಂಚೆ ಮಾಡಬೇಕಾದದ್ದೊಂದಿತ್ತು. ಸಾಲದ ಚೀಟಿಗಳನ್ನೆಲ್ಲ ಪತ್ನಿಯ ಮುಂದೆ ಹರವಿ, ಕೇಳದೆ ಒಡವೆ ಒಯ್ದದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಬೇಕೆಂದು ಪತಿಗೆ ತಿಳಿಸಿದೆ. ಆಕೆಗೆ ಮಾತ್ರ ಬೇಗ ಕ್ಷಮಿಸಿರೆಂದು ಹೇಳಲಿಲ್ಲ. ಸಿಟ್ಟನ್ನು ಮಾತಿನಲ್ಲಿ ಹೇಳಿ, ಹಾಸಿಗೆಯಲ್ಲಿ ಮೌನವಾಗಿ ಅಲ್ಲ ಎಂದಷ್ಟೇ ಕೇಳಿಕೊಂಡೆ.

ಮೂರನೆಯ ತಿಂಗಳ ಭೇಟಿಗೆ ಬಂದಾಗ ಆಕೆಯ ಕೈಯಲ್ಲಿ ಒಂದು ಪಾಟಲಿಯಿತ್ತು. ಇನ್ನೊಂದನ್ನು ಒಣದ್ರಾಕ್ಷಿ ಮಾರಿದ ಮೇಲೆ ಬಿಡಿಸುವುದೆಂದು ಇಬ್ಬರೂ ಕೂಡಿ ಲೆಕ್ಕ ಹಾಕಿದ್ದರು. ಎರಡು ಸಲ ಕೂಡುವುದು ಸರಿಹೋಗಿತ್ತು, ಒಂದು ಸಲ ಇಲ್ಲ. ಆ ರಾತ್ರಿ ಗೋಡೆಯ ಕಡೆ ತಿರುಗಲಿಲ್ಲ, ಮಾತಾಡುತ್ತಲೇ ನಿದ್ದೆಹೋದೆವು ಎಂದು ಹೇಳಿದವರು ಪತ್ನಿ.