ಮೊದಲ ಆಟಕ್ಕೆ ಒಂದು ಹಾಳೆ ಸಾಕು

ಪ್ರಶ್ನೆ: ಮಾನ್ಯರೇ, ರಜೆಗೆ ನನ್ನ ಮಗಳು ಮತ್ತು ಅಕ್ಕನ ಮೂವರು ಮಕ್ಕಳು ನಮ್ಮ ಮನೆಯಲ್ಲಿ ಸೇರುತ್ತಾರೆ. ನಾಲ್ವರೂ 11ರಿಂದ 15 ವರ್ಷದೊಳಗಿನವರು. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟವನ್ನು ಆಡಿಸಬೇಕೆಂದು ನನ್ನ ಬೆನ್ನು ಬಿದ್ದಿದ್ದಾರೆ. ಕಳೆದ ಬೇಸಿಗೆಯಲ್ಲಿ ಒಂದು ದಪ್ಪ ನಿಯಮ ಪುಸ್ತಕ ತರಿಸಿ ಪ್ರಯತ್ನಿಸಿದೆ. ಪಾತ್ರಗಳ ವಿವರ ತುಂಬುವುದರಲ್ಲೇ ಮೂರು ಗಂಟೆ ಕಳೆದು, ಕಥೆ ಆರಂಭವಾಗುವ ಮೊದಲೇ ಚಿಕ್ಕವನು ನಿದ್ದೆಹೋದ. ಹೊಸಬರಿಗೆ ಯಾವ ಆಟ ಸೂಕ್ತ? ಎಲ್ಲರೂ ಹೇಳುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದಲೇ ಶುರುಮಾಡಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚಿಕ್ಕವನು ನಿದ್ದೆಹೋದದ್ದು ಆಟದ ನಡುವೆ ಅಲ್ಲ, ಆಟಕ್ಕೆ ಮುಂಚೆ ಎಂಬುದನ್ನು ಗಮನಿಸಿ. ಹೊಸಬರಿಗಾಗಿ ಆಟ ಆರಿಸುವಾಗ ನಾನು ನೋಡುವುದು ಒಂದನ್ನೇ: ಮಗು 'ನಾನು ಹೀಗೆ ಮಾಡ್ತೀನಿ' ಎಂದಾಗ ಅದಕ್ಕೆ ದಾಳ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದನ್ನು.

ಈ ಅಳತೆಗೆ ಚೆನ್ನಾಗಿ ಒದಗುವುದು 2013ರಲ್ಲಿ ಜಾನ್ ಹಾರ್ಪರ್ ರಚಿಸಿದ 'ಲೇಸರ್ಸ್ ಆ್ಯಂಡ್ ಫೀಲಿಂಗ್ಸ್'. ಇದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ; ನಿಯಮವೆಲ್ಲ ಒಂದೇ ಪುಟದಲ್ಲಿ ಮುಗಿಯುತ್ತದೆ. ಬಾಹ್ಯಾಕಾಶ ನೌಕೆಯೊಂದರ ನಾಯಕ ಅಸ್ವಸ್ಥನಾಗಿದ್ದಾನೆ, ಉಳಿದ ಸಿಬ್ಬಂದಿಯೇ ಎಲ್ಲವನ್ನೂ ನಿಭಾಯಿಸಬೇಕು ಎಂಬಲ್ಲಿಂದ ಕಥೆ ತೊಡಗುತ್ತದೆ. ಪ್ರತಿಯೊಬ್ಬ ಆಟಗಾರನೂ 2ರಿಂದ 5ರೊಳಗಿನ ಒಂದು ಸಂಖ್ಯೆಯನ್ನು ಆರಿಸಿಕೊಳ್ಳುತ್ತಾನೆ. ನಿಮ್ಮ ಮಗಳು 4 ಆರಿಸಿದಳೆನ್ನಿ. ಕೆಟ್ಟ ಎಂಜಿನ್ ಸರಿಪಡಿಸುವಂಥ, ಬುದ್ಧಿಯ ಮತ್ತು ಯಂತ್ರದ ಕೆಲಸಕ್ಕೆ ದಾಳದಲ್ಲಿ 4ಕ್ಕಿಂತ ಕಡಿಮೆ ಬೀಳಬೇಕು. ಶತ್ರುವಿನ ಮನವೊಲಿಸುವಂಥ, ಮಾತಿನ ಮತ್ತು ಹೃದಯದ ಕೆಲಸಕ್ಕೆ 4ಕ್ಕಿಂತ ಹೆಚ್ಚು ಬೀಳಬೇಕು. ಸರಿಯಾಗಿ 4 ಬಿದ್ದರೆ ಕೆಲಸವೂ ಕೈಗೂಡುತ್ತದೆ, ಜೊತೆಗೆ ಕಥೆ ನಡೆಸುವವರನ್ನು ಒಂದು ಪ್ರಶ್ನೆ ಕೇಳಿ ನಿಜವಾದ ಉತ್ತರ ಪಡೆಯುವ ಹಕ್ಕೂ ಸಿಗುತ್ತದೆ. ಮೊದಲೇ ಸಿದ್ಧತೆ ಮಾಡಿಕೊಂಡಿದ್ದರೆ ಇನ್ನೊಂದು ದಾಳ, ಆ ಕೆಲಸದಲ್ಲಿ ಪರಿಣತಿಯಿದ್ದರೆ ಮತ್ತೊಂದು ದಾಳ ಸೇರಿಸಿಕೊಳ್ಳಬಹುದು. ಲೂಡೋ ಡಬ್ಬಿಯಲ್ಲಿರುವ ಆರು ಮುಖದ ದಾಳಗಳೇ ಸಾಕಾಗುವುದರಿಂದ ಏನನ್ನೂ ತರಿಸಿಕೊಳ್ಳುವ ಅಗತ್ಯವಿಲ್ಲ. ಹತ್ತು ನಿಮಿಷದೊಳಗೆ ನೌಕೆ ಹೊರಟಿರುತ್ತದೆ.

ಇನ್ನು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಈ ಆಟದಿಂದಲೇ ಈ ಪ್ರಕಾರ ಬೆಳೆದು ಬಂತು. ನನಗೆ ಇದರ ಮೇಲೆ ಪ್ರೀತಿಯಿದೆ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಸೇರಿಸಿ, ಗುರಿಯ ಸಂಖ್ಯೆಯನ್ನು ಮುಟ್ಟಿದೆಯೇ ಎಂದು ನೋಡುವುದೇ ಅದರ ಮೂಲ ಸೂತ್ರ. ತೊಡಕಿರುವುದು ಪಾತ್ರ ಕಟ್ಟುವಲ್ಲಿ: ಆರು ಸಾಮರ್ಥ್ಯಗಳು, ಹದಿನೆಂಟು ಕೌಶಲಗಳು, ಮಂತ್ರಗಳು, ಆಯುಧಗಳು ಎಲ್ಲವನ್ನೂ ಮೊದಲ ಸಂಜೆಯೇ ಮಕ್ಕಳ ಮುಂದೆ ಹರಡಬಾರದು. ಆದ್ದರಿಂದ ಎರಡನೆಯ ವಾರ ಇದಕ್ಕೆ ಕೈಹಾಕಿ, ಪಾತ್ರಗಳನ್ನು ಸಿದ್ಧವಾಗಿಯೇ ಕೊಡಿ. 2014ರ ಆರಂಭಿಕರ ಪೆಟ್ಟಿಗೆಯಲ್ಲಿ ಐದು ಸಿದ್ಧ ಪಾತ್ರಗಳೂ 32 ಪುಟಗಳ ನಿಯಮ ಪುಸ್ತಕವೂ ಇದ್ದವು. ಆ ಪ್ರಮಾಣ ಹೊಸಬರಿಗೆ ಹಿತವಾದದ್ದು. ಮೂಲ ನಿಯಮಗಳು ಉಚಿತವಾಗಿ ದೊರೆಯುವುದರಿಂದ ಮತ್ತೆ ದಪ್ಪ ಪುಸ್ತಕಕ್ಕೆ ಹಣ ಹಾಕಬೇಡಿ.

1981ರ 'ಕಾಲ್ ಆಫ್ ಕ್ತುಲ್ಹು' ಆಟವನ್ನು ನಿಮಗೆ ಯಾರಾದರೂ ಸೂಚಿಸಬಹುದು. ಅದರ ಲೆಕ್ಕ ನಿಜಕ್ಕೂ ಸುಲಭ: ಕೌಶಲ 60 ಇದ್ದರೆ ನೂರರ ದಾಳದಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು. ನೂರಕ್ಕೆ ಅರವತ್ತು ಎಂದರೆ ಯಾವ ಮಗುವಿಗೂ ತಿಳಿಯುತ್ತದೆ. ಆದರೆ ಅದು ಭಯಾನಕ ಕಥೆಗಳ ಆಟ, ಪಾತ್ರಗಳು ಮತಿಗೆಡುವುದು ಅಲ್ಲಿ ಸಾಮಾನ್ಯ. ಹನ್ನೊಂದು ವರ್ಷದವನಿಗೆ ಬೇಡ.

ಯಾವ ಆಟವನ್ನೇ ಆರಿಸಿ, ಪುಸ್ತಕ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಆಟವನ್ನೂ ಇಂಗ್ಲಿಷಿನಲ್ಲೇ ನಡೆಸಬೇಡಿ. ನಿಯಮವನ್ನು ನೀವು ಓದಿಕೊಂಡು ಮನೆಮಾತಿನಲ್ಲಿ ಹೇಳಿದರೆ ಸಾಕು. ಮಕ್ಕಳು ಹೆದರುವುದು, ಗದರುವುದು, ಚೌಕಾಸಿ ಮಾಡುವುದು ಕನ್ನಡದಲ್ಲಾದಾಗ ಪಾತ್ರಗಳಿಗೆ ತಾವಾಗಿಯೇ ಜೀವ ಬರುತ್ತದೆ. ಕಥೆ ನಡೆಸುವ ಹೊಣೆ ಮೊದಲ ಸಂಜೆ ನಿಮ್ಮದಾಗಿರಲಿ. ಎರಡು ಮೂರು ಆಟಗಳಾದ ಮೇಲೆ ಹದಿನೈದರ ಮಗು 'ಈ ಸಲ ನಾನು ನಡೆಸ್ತೀನಿ' ಎಂದರೆ ಆ ಜಾಗವನ್ನು ಬಿಟ್ಟುಕೊಟ್ಟು, ನೀವು ಎಂಜಿನ್ ಸರಿಪಡಿಸುವ ಪಾತ್ರ ವಹಿಸಿಕೊಳ್ಳಿ.